ನೆಲದಲ್ಲಿ ಗೂಡು ಮಾಡುವ ಗೂಬೆಗಳಿಗೆ ಗಡಿ ಇದೆಯೇ?

ಚಳಿಗಾಲದ ಹೆಸರಘಟ್ಟದಲ್ಲಿ ಗಿಡ್ಡ ಕಿವಿಯ ಗೂಬೆಗಳು ಒಂದೇ ಹುಲ್ಲುಪೊದೆಯ ಆಸುಪಾಸಿನಲ್ಲಿ ಕೂತಿದ್ದವು, ಜಗಳವಾಡುವುದಿಲ್ಲವೇ ಎಂದು ಕೇಳಿದ್ದೀರಿ.

ಇಲ್ಲಿಗೆ ಅವು ವಲಸೆ ಬರುವುದು ಹೊಟ್ಟೆಪಾಡಿಗೆ. ಹಗಲು ಒಟ್ಟಿಗೆ ಕೂರಲು ತಕರಾರಿಲ್ಲ. ಗಡಿಯ ಹಟ ಶುರುವಾಗುವುದು ಉತ್ತರದ ತಂಪು ನಾಡಿನಲ್ಲಿ, ಮರಿ ಮಾಡುವಾಗ. ಗಂಡು ಎತ್ತರಕ್ಕೇರಿ, ರೆಕ್ಕೆಗಳನ್ನು ಹೊಟ್ಟೆಯಡಿ ಪಟಪಟನೆ ಬಡಿಯುತ್ತಾ ಕೆಳಗಿಳಿಯುತ್ತದೆ. ಕೆಳಗೆ ನಿಂತವರಿಗೂ ಆ ಸದ್ದು ಕೇಳುತ್ತದೆ.

ಗಡಿ ಎಷ್ಟಗಲ ಎನ್ನುವುದು ಬಹುಮಟ್ಟಿಗೆ ಇಲಿಗಳ ಕೈಲಿದೆ! 1950ರ ದಶಕದಲ್ಲಿ ಸ್ಕಾಟ್ಲೆಂಡ್‌ನಲ್ಲಿ ವೋಲ್ ಎಂಬ ಮೋಟುಬಾಲದ ಇಲಿಗಳು ವಿಪರೀತ ಹೆಚ್ಚಿದಾಗ ಜೋಡಿಯೊಂದಕ್ಕೆ ಸುಮಾರು 18 ಹೆಕ್ಟೇರ್ ಸಾಕಾಗಿತ್ತು; ಇಲಿಗಳು ಕುಸಿದ ಮೇಲೆ ಹಲವು ಜೋಡಿಗಳು ಜಾಗ ಬಿಟ್ಟವು, ಉಳಿದವುಗಳ ಗಡಿ 100 ಹೆಕ್ಟೇರ್ ದಾಟಿತು. ಹಿಮಗೂಬೆಯಂತೂ ತನ್ನ ಮುಖ್ಯ ಬೇಟೆಯಾದ ಲೆಮ್ಮಿಂಗ್ ಎಂಬ ಶೀತನಾಡಿನ ಇಲಿ ಇಲ್ಲದ ವರ್ಷ ಮೊಟ್ಟೆಯನ್ನೇ ಇಡದಿರಬಹುದು.

ಅಮೆರಿಕದ ಬಿಲಗೂಬೆಗಳ ಲೆಕ್ಕ ಬೇರೆ. ಬಿಲದ ಸುತ್ತ ಮಾತ್ರ ಬಿಗಿ ಕಾವಲು, ಬೇಟೆಯ ಬಯಲು ಹಲವರದು. ಹಾಗಾಗಿ ಬಿಲಗಳು ಹತ್ತಿರ ಹತ್ತಿರ ಇರಬಲ್ಲವು.

ಹೆಸರಘಟ್ಟದಲ್ಲಿ ಎಣಿಸಿದ ಗೂಬೆಗಳಿಂದ ಅವುಗಳ ಗೂಡುಗಳ ಸಾಂದ್ರತೆ ಅಳೆಯಬೇಡಿ. ಆ ವರ್ಷದ ಇಲಿ, ಮಿಡತೆ, ಹುಲ್ಲಿನ ಎತ್ತರ ನೋಡಿ, ದೂರದಿಂದಲೇ.