ಡ್ರೋನ್ ಬಂದ ಮೇಲೂ ಸೇನೆಗೆ ಜವಾನರು ಬೇಕಾ? ನನ್ನ ತಮ್ಮ ಅಗ್ನಿವೀರ್ ಭರ್ತಿಗೆ ಓಡ್ತಿದ್ದಾನೆ

ನಾನು ಸಿಗ್ನಲ್ಸ್‌ನಲ್ಲಿದ್ದು ಸುಬೇದಾರ್ ಆಗಿ ನಿವೃತ್ತನಾದವನು. ಈಗ ವಿರಾಜಪೇಟೆ ಕಡೆ ಒಂದಿಷ್ಟು ಕಾಫಿ, ಮೆಣಸು. ಮನೆ ನಡೆಯೋದು ಪಿಂಚಣಿಯಲ್ಲಿ, ಹಾಗಾಗಿ ನನ್ನ ಮಾತನ್ನು ಆ ಲೆಕ್ಕದಲ್ಲೇ ತಗೊಳ್ಳಿ.

ಆಪರೇಷನ್ ಸಿಂಧೂರ್ ಆದ ಮೇಲೆ ಟಿವಿ ನೋಡಿದರೆ ದುಡ್ಡೆಲ್ಲ ಡ್ರೋನ್‌ಗೇ ಹೋಗ್ತಿದೆ ಅಂತ ನಿಮಗೆ ಅನ್ನಿಸಿದ್ದು ಸಹಜ. ಆದರೆ 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿಯಲ್ಲಿ ನಮ್ಮಂಥವರ ಪಿಂಚಣಿಗೇ 1.60 ಲಕ್ಷ ಕೋಟಿ. ವಿಮಾನ, ಹಡಗು, ತೋಪು ಅಂತ ಬಂಡವಾಳ ವೆಚ್ಚಕ್ಕೆ ಇಟ್ಟಿದ್ದು 1.80 ಲಕ್ಷ ಕೋಟಿ. ಸ್ಟಾರ್ಟಪ್‌ಗಳಿಗೆ ಅಂತಲೇ ಇರೋ ಐಡೆಕ್ಸ್ ಯೋಜನೆಗೆ ಸಿಕ್ಕಿದ್ದು ಬರೀ 449 ಕೋಟಿ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ 31 ಎಂಕ್ಯೂ-9ಬಿ ಡ್ರೋನ್‌ಗಳಿಗೆ ಸಹಿ ಹಾಕಿದ ಒಪ್ಪಂದ ಸುಮಾರು 32,000 ಕೋಟಿಯದು. ಭಾಗಿಸಿ ನೋಡಿ, ಐಡೆಕ್ಸ್‌ನ ಇಡೀ ವರ್ಷದ ದುಡ್ಡು ಅಂಥ ಒಂದು ಡ್ರೋನ್‌ನ ಅರ್ಧ ಬೆಲೆಗೂ ಸಾಲಲ್ಲ.

ಹಾಗಾಗಿ ನಿಮ್ಮ ತಮ್ಮನ ಜಾಗ ಕಿತ್ತುಕೊಳ್ಳೋದು ಡ್ರೋನ್ ಅಲ್ಲ. ಅಗ್ನಿವೀರರನ್ನು ತಗೊಳ್ಳೋಕೆ 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ಆದ ಮೇಲೆ ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬ ಉಳೀತಾನೆ, ಉಳಿದ ಮೂವರಿಗೆ ಪಿಂಚಣಿ ಇಲ್ಲ. ಪಿಂಚಣಿ ಬಾಬ್ತು ಬೆಳೆದದ್ದೇ ಇದಕ್ಕೆ ಕಾರಣ ಅನ್ನೋದು ನನ್ನ ಅಭಿಪ್ರಾಯ. ತಿನ್ನುತ್ತಿರೋನು ನಾನೇ, ಏನು ಹೇಳಲಿ!

ಇನ್ನು ಡ್ರೋನ್ ವಿಷಯ. ಅಣ್ಣನ ಮಗ ಸಾಲ ಮಾಡಿ ಔಷಧಿ ಹೊಡೆಯೋ ಡ್ರೋನ್ ಒಂದು ತಂದ. ಕಾಫಿ ತೋಟದಲ್ಲಿ ಮರಗಸಿ ಮಾಡಿ ಕೊಂಬೆ ಕಡಿದರೂ ನೆರಳು ದಟ್ಟ, ಹಾರಿಸೋಕಾಗಲ್ಲ. ಹಾಗಾಗಿ ಅವನು ಬಾಡಿಗೆಗೆ ಹೊಡೆಯೋದೆಲ್ಲ ಗದ್ದೆಗಳಲ್ಲಿ. ಆಗಸ್ಟ್ ಕೊನೇಲಿ ಗದ್ದೆ ಅಂಚಿನ ಸಿಲ್ವರ್ ಓಕ್ ಕೊಂಬೆಗೆ ತಾಗಿ ಕೆಸರಿಗೆ ಬಿತ್ತು. ತೊಳೆದು ನೋಡಿದರೆ ಒಂದು ಮೋಟಾರ್ ಸುಟ್ಟಿದೆ. ಹೊರಗೆ ಕಂಪನಿಯ ಸ್ಟಿಕ್ಕರ್‌ನಲ್ಲಿ 'ಮೇಡ್ ಇನ್ ಇಂಡಿಯಾ', ಒಳಗೆ ಮೋಟಾರ್ ಮೇಲೆ ಚೀನೀ ಅಕ್ಷರ. ಬದಲಿ ಕೇಳಿದರೆ ಐದು ವಾರ ಅಂದರು.

ನಗಬೇಡಿ, ಸೇನೆಯ ಪಾಡೂ ಇದೇ. ಚೀನಾದ ಬಿಡಿಭಾಗಗಳಿವೆ ಅಂತ 2025ರ ಫೆಬ್ರವರಿಯಲ್ಲಿ 400 ಡ್ರೋನ್‌ಗಳ, 230 ಕೋಟಿಯ ಗುತ್ತಿಗೆ ರದ್ದಾಯ್ತು. ಏಪ್ರಿಲ್‌ನಲ್ಲಿ ಚೀನಾ ವಿರಳ ಲೋಹದ ಆಯಸ್ಕಾಂತಗಳ ರಫ್ತಿಗೆ ಕಡಿವಾಣ ಹಾಕಿತು. ಆ ಆಯಸ್ಕಾಂತ ಇಲ್ಲದೆ ಇಂಥ ಮೋಟಾರ್ ಆಗಲ್ಲ. ನಮ್ಮದೇ ತೇಜಸ್ ಯುದ್ಧವಿಮಾನಕ್ಕೆ 2021ರಲ್ಲಿ 99 ಅಮೆರಿಕನ್ ಎಂಜಿನ್ ಹೇಳಿದೆವು, ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ.

1965ರ ಯುದ್ಧದಲ್ಲಿ ನಮ್ಮ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯನವರು ಪಾಕಿಸ್ತಾನದ ಸರ್ಗೋಧಾ ಮೇಲೆ ಹಳೇ ಮಿಸ್ಟೇರ್ ವಿಮಾನದಲ್ಲಿ ಅವರ ಸ್ಟಾರ್‌ಫೈಟರ್ ಹೊಡೆದುರುಳಿಸಿದರು. ಒಂದು ಫ್ರಾನ್ಸಿನ ವಿಮಾನ, ಇನ್ನೊಂದು ಅಮೆರಿಕದ್ದು. ನಮ್ಮದು ಅಂತ ಆಕಾಶದಲ್ಲಿ ಇದ್ದದ್ದು ಅವರೊಬ್ಬರೇ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, ಮರಣೋತ್ತರ.

ತಮ್ಮನನ್ನು ತಡೀಬೇಡಿ, ಓಡಲಿ. ಜೊತೆಗೆ ಮೋಟಾರ್ ಬಿಚ್ಚಿ ತಂತಿ ಸುತ್ತೋದನ್ನೂ ಕಲಿತರೆ ನಾಲ್ಕು ವರ್ಷದ ನಂತರ ಯಾರ ಬಾಗಿಲಿಗೂ ಹೋಗಬೇಕಿಲ್ಲ.

ನಮ್ಮ ಹುಡುಗನ ಡ್ರೋನ್ ನಮ್ಮ ಕೊಡವರ ಆಯುಧಪೂಜೆ ಕೈಲ್‌ಪೊಳ್ದ್ ಹಬ್ಬಕ್ಕೂ ರಿಪೇರಿ ಆಗಿರಲಿಲ್ಲ. ಕುಟುಂಬದ ಹಿರಿಮನೆ ಐನ್‌ಮನೆಯಲ್ಲಿ ಕೋವಿ, ಕತ್ತಿ ಪೂಜೆಗಿಟ್ಟಾಗ ಅತ್ತಿಗೆ ಅದನ್ನೂ ಎತ್ತಿ ತಂದು ಪಕ್ಕದಲ್ಲಿಟ್ಟು ಕೋವಿ ನಳಿಗೆಗೆ ಸಿಕ್ಕಿಸೋ ತೋಕ್‌ಪೂ ಹೂ ಒಂದನ್ನು ಸಿಕ್ಕಿಸಿದರು. ಸುಟ್ಟ ಮೋಟಾರ್‌ನ ತೂತಿಗೆ.