ಉತ್ತರ: ಎಸ್‌ಎನ್‌ಪಿ ಗೆಸ್ಟ್‌ನಲ್ಲಿ ಎಂಎಸ್‌ಆರ್ ಬರೆಯೋಕೆ ಹೋದರೆ ಎರರ್ ಯಾಕೆ

ತಮ್ಮಾ, ನೀನು ರಾಯಚೂರಿನಿಂದ ಕೇಳಿರೋದು ಇಷ್ಟು: ಬಾಡಿಗೆ ಕ್ಲೌಡ್‌ನ ಎಸ್‌ಇವಿ-ಎಸ್‌ಎನ್‌ಪಿ ಗೆಸ್ಟ್‌ನಲ್ಲಿ (ಮೆಮೊರಿ ಕ್ಲೌಡ್‌ನವರಿಗೂ ಕಾಣದಂಗೆ ಎಎಂಡಿ ಸಿಪಿಯು ಎನ್‌ಕ್ರಿಪ್ಟ್ ಮಾಡಿಡೋ ವಿಎಂ, ಅಂದ್ರೆ ವರ್ಚುವಲ್ ಯಂತ್ರ) ನಿನ್ನ ಕರ್ನಲ್ ಮಾಡ್ಯೂಲ್ ಟಿಎಸ್‌ಸಿ ಕೌಂಟರನ್ನ (ಕಾಲ ಎಣಿಸೋ ಎಂಎಸ್‌ಆರ್; ಎಂಎಸ್‌ಆರ್ ಅಂದ್ರೆ ಸಿಪಿಯುನ ವಿಶೇಷ ರಿಜಿಸ್ಟರ್) ಸೊನ್ನೆ ಮಾಡೋಕೆ ಹೋದರೆ 'ಅನ್‌ಚೆಕ್ಡ್ ಎಂಎಸ್‌ಆರ್ ಆಕ್ಸೆಸ್ ಎರರ್' ಬರ್ತೈತೆ, ಮಾಮೂಲಿ ವಿಎಂನಲ್ಲಿ ಬರಲ್ಲ. ಅದಕ್ಕೆ ವಿಸಿ ಹ್ಯಾಂಡ್ಲರನ್ನ (ಹೈಪರ್‌ವೈಸರ್ ಜೊತೆಗಿನ ವ್ಯವಹಾರ ನೋಡ್ಕೊಳ್ಳೋ ಗೆಸ್ಟ್ ಕರ್ನಲ್‌ನ ಕೋಡ್) ಪ್ಯಾಚ್ ಮಾಡಿ ಎಲ್ಲ ಎಂಎಸ್‌ಆರ್‌ಗಳನ್ನೂ ಹೈಪರ್‌ವೈಸರ್‌ಗೇ (ವಿಎಂಗಳನ್ನ ಓಡಿಸೋ ಕ್ಲೌಡ್‌ನ ಸಾಫ್ಟ್‌ವೇರ್) ದಾಟಿಸಿದರೆ ನಡೆಯುತ್ತಾ ಅಂತ.

ಬೇಡ. ಆ ಪ್ಯಾಚ್ ಮೊದಲು ತೆಗಿ. ಎಸ್‌ಎನ್‌ಪಿಗಿಂತ ಹಿಂದಿನ ಪೀಳಿಗೆಯಾದ ಎಸ್‌ಇವಿ-ಇಎಸ್‌ನಿಂದ ಈಚೆಗೆ ಗೆಸ್ಟ್‌ನ ರಿಜಿಸ್ಟರ್‌ಗಳೆಲ್ಲ ವಿಎಂಎಸ್‌ಎ ಅನ್ನೋ ಎನ್‌ಕ್ರಿಪ್ಟ್ ಆದ ಪುಟದಲ್ಲಿರ್ತವೆ, ಹೈಪರ್‌ವೈಸರ್ ಅವನ್ನ ಓದೋಕಾಗಲ್ಲ. ಹಿಂದೆ ಎಂಎಸ್‌ಆರ್ ಇಂಟರ್‌ಸೆಪ್ಟ್ ಆದರೆ (ಹೈಪರ್‌ವೈಸರ್ ತಡೆದರೆ) ಕಂಟ್ರೋಲ್ ನೇರವಾಗಿ ಹೈಪರ್‌ವೈಸರ್‌ಗೆ ಹೋಗ್ತಿತ್ತು. ಈಗ ಸಿಪಿಯು ಗೆಸ್ಟ್ ಒಳಗೇ ವೆಕ್ಟರ್ 29ರ ವಿಸಿ ಎಕ್ಸೆಪ್ಶನ್ ಎಬ್ಬಿಸುತ್ತೆ. ಏನನ್ನ ಹೊರಗೆ ಕೊಡಬೇಕು ಅಂತ ನಿರ್ಧರಿಸೋದು ಆ ಹ್ಯಾಂಡ್ಲರ್. ಅಲ್ಲಿ ಎಲ್ಲದಕ್ಕೂ ಹೂಂ ಅಂದರೆ ಎಸ್‌ಎನ್‌ಪಿಗೆ ಕೊಟ್ಟ ದುಡ್ಡು ನೀರಲ್ಲಿ ಹೋಮ.

ಆದ್ದರಿಂದ ಪ್ರತಿ ರಿಜಿಸ್ಟರ್‌ಗೂ ಮೊದಲು ಕೇಳಬೇಕಾದ್ದು, ಇದರ ಬೆಲೆ (ಒಳಗಿರೋ ಸಂಖ್ಯೆ) ಹೇಳೋ ಹಕ್ಕು ಯಾರದು ಅಂತ. ಎಲ್‌ಸ್ಟಾರ್, ಎಫ್‌ಎಸ್ ಬೇಸ್, ಜಿಎಸ್ ಬೇಸ್ ಅನ್ನೋ ರಿಜಿಸ್ಟರ್‌ಗಳು ಗೆಸ್ಟ್‌ನವೇ, ಲಿನಕ್ಸ್‌ನ ಹೈಪರ್‌ವೈಸರ್ ಕೆವಿಎಂ ಅವನ್ನ ತಡೆಯೋದೇ ಇಲ್ಲ. ಯಾವ ಎಸ್‌ಇವಿ ರಕ್ಷಣೆಗಳು ಆನ್ ಇವೆ ಅಂತ ಹೇಳೋ ಎಸ್‌ಇವಿ ಸ್ಟೇಟಸ್ (ಹೆಕ್ಸ್ ಸಿ0010131) ಹಾರ್ಡ್‌ವೇರ್‌ನಿಂದ ನೇರ ಬರುತ್ತೆ, ಅದನ್ನ ಇಂಟರ್‌ಸೆಪ್ಟ್ ಮಾಡೋಕಾಗಲ್ಲ. ಸೆಕ್ಯೂರ್ ಟಿಎಸ್‌ಸಿ ಆನ್ ಇದ್ದರೆ ಟಿಎಸ್‌ಸಿ ವಿಷಯದಲ್ಲೂ ಹೈಪರ್‌ವೈಸರ್ ಮಾತು ನಡೆಯಲ್ಲ: ಎಂಎಸ್‌ಆರ್ ಓದಿದರೆ ಹ್ಯಾಂಡ್ಲರ್ ತಾನೇ ಆರ್‌ಡಿಟಿಎಸ್‌ಸಿ (ಟಿಎಸ್‌ಸಿ ಓದೋ ಇನ್‌ಸ್ಟ್ರಕ್ಷನ್) ಮಾಡಿ ಕೊಡುತ್ತೆ, ಬರೆದರೆ ಜಿಪಿ ಫಾಲ್ಟ್ (ಜನರಲ್ ಪ್ರೊಟೆಕ್ಷನ್, ಅನುಮತಿ ಇಲ್ಲದ ಕೆಲಸಕ್ಕೆ ಬರೋ ಎಕ್ಸೆಪ್ಶನ್) ಎಬ್ಬಿಸುತ್ತೆ. ನಿನಗೆ ಬಂದಿರೋದು ಅದೇ. ಗೆಸ್ಟ್ ಟಿಎಸ್‌ಸಿ ಫ್ರೀಕ್ವೆನ್ಸಿ (ಸಿ0010134) ಓದುವಾಗ ವಿಸಿ ಬಂದರಂತೂ ಹ್ಯಾಂಡ್ಲರ್ ಗೆಸ್ಟನ್ನೇ ನಿಲ್ಲಿಸುತ್ತೆ, ಯಾಕಂದ್ರೆ ತಡೀಬಾರದ್ದನ್ನ ಹೈಪರ್‌ವೈಸರ್ ತಡೆದೈತೆ. ಮಾರ್ಕೆಟ್‌ಗೆ ಹತ್ತಿ ಒಯ್ಯೋ ಮೊದಲು ಬೇರೆ ಕಡೆ ತೂಕ ಹಾಕಿಸ್ಕೊಂಡಂಗೆ, ಕಾಲದ ಲೆಕ್ಕಕ್ಕೂ ಎಚ್ಚರ ಬೇಕು.

ಉಳಿದ ಎಂಎಸ್‌ಆರ್‌ಗಳು ಜಿಎಚ್‌ಸಿಬಿ ಮೂಲಕ ಹೋಗ್ತವೆ. ಅದು ಗೆಸ್ಟ್, ಹೈಪರ್‌ವೈಸರ್ ಇಬ್ಬರೂ ಓದಿ ಬರೆಯೋ, ಎನ್‌ಕ್ರಿಪ್ಟ್ ಆಗದ 4 ಕೆಬಿ ಪುಟ, ಪ್ರತಿ ಸಿಪಿಯುಗೆ ಒಂದು. ಯಾವ ಜಾಗ ತುಂಬಿದೆ ಅಂತ ತೋರಿಸೋ ಹಳೇ ವ್ಯಾಲಿಡ್ ಬಿಟ್‌ಗಳನ್ನ ಅಳಿಸಿ ಆರ್‌ಸಿಎಕ್ಸ್ (ಎಂಎಸ್‌ಆರ್ ನಂಬರ್ ಇರೋ ರಿಜಿಸ್ಟರ್) ಮಾತ್ರ ಹಾಕು. ಬರೆಯೋದಿದ್ದರೆ ಜೊತೆಗೆ ಬರೆಯೋ ಬೆಲೆ ಇರೋ ಆರ್‌ಎಎಕ್ಸ್, ಆರ್‌ಡಿಎಕ್ಸ್. ಬೇರೆ ಯಾವ ರಿಜಿಸ್ಟರನ್ನೂ ಆ ಪುಟಕ್ಕೆ ತರಬೇಡ. ಎಕ್ಸಿಟ್ ಕೋಡ್ ಹೆಕ್ಸ್ 7ಸಿ, ಮೊದಲ ಇನ್ಫೋದಲ್ಲಿ ಓದೋದಕ್ಕೆ 0, ಬರೆಯೋದಕ್ಕೆ 1, ಆಮೇಲೆ ಹೈಪರ್‌ವೈಸರನ್ನ ಕರೆಯೋ ವಿಎಂಜಿಎಕ್ಸಿಟ್ ಇನ್‌ಸ್ಟ್ರಕ್ಷನ್. ವಾಪಸ್ ಬಂದ ಮೇಲೆ ನಿಜವಾದ ಕೆಲಸ ಶುರು. ಆ ಪುಟವನ್ನ ಹೈಪರ್‌ವೈಸರ್ ಯಾವ ಕ್ಷಣದಲ್ಲಾದರೂ ಬದಲಾಯಿಸಬಹುದು, ಹಾಗಾಗಿ ಬೆಲೆಯನ್ನ ಒಂದೇ ಸಲ ನಿನ್ನ ಖಾಸಗಿ ಮೆಮೊರಿಗೆ ಕಾಪಿ ಮಾಡ್ಕೊಂಡು ಆ ಕಾಪಿಯನ್ನೇ ಪರೀಕ್ಷೆ ಮಾಡು, ಅದನ್ನೇ ಬಳಸು. ಎಕ್ಸೆಪ್ಶನ್ ಹಾಕು ಅಂತ ಹೈಪರ್‌ವೈಸರ್ ಕೇಳಿದರೆ ಲಿನಕ್ಸ್ ಒಪ್ಪೋದು ಜಿಪಿ ಮತ್ತು ಯುಡಿ (ಗೊತ್ತಿಲ್ಲದ ಇನ್‌ಸ್ಟ್ರಕ್ಷನ್) ಎರಡನ್ನೇ. ಆ ಚೆಕ್ ಸಡಿಲ ಮಾಡಬೇಡ.

ಇಷ್ಟು ಬಿಗಿ ಯಾಕೆ ಅಂದ್ರೆ, 2024ರಲ್ಲಿ ಇಟಿಎಚ್ ಜೂರಿಕ್‌ನವರು 'ವೀಸೀ' ಅನ್ನೋ ದಾಳಿ ತೋರಿಸಿದರು. ಹೈಪರ್‌ವೈಸರ್ ತಾನೇ ಸುಳ್ಳು ವಿಸಿ ಇಂಟರಪ್ಟ್ ಹಾಕಿ, ಎಂಎಸ್‌ಆರ್ ಕೆಲಸವೇ ಇಲ್ಲದ ಜಾಗದಲ್ಲಿ ಹ್ಯಾಂಡ್ಲರನ್ನ ಓಡಿಸಿ ರಿಜಿಸ್ಟರ್ ಬೆಲೆ ಕದಿಯಬಹುದು, ತನ್ನ ಬೆಲೆ ತುರುಕಬಹುದು. ಅದಾದ ಮೇಲೆ ಲಿನಕ್ಸ್, ಫಾಲ್ಟ್ ಆದ ಜಾಗದ ಬೈಟ್‌ಗಳು ನಿಜವಾಗ್ಲೂ ಆರ್‌ಡಿಎಂಎಸ್‌ಆರ್ (0ಎಫ್ 32) ಅಥವಾ ಡಬ್ಲ್ಯುಆರ್‌ಎಂಎಸ್‌ಆರ್ (0ಎಫ್ 30) ಹೌದಾ ಅಂತ ನೋಡುತ್ತೆ. ನಿನ್ನ ಪ್ಯಾಚ್‌ನಲ್ಲಿ ಆ ಚೆಕ್ ಬಿಟ್ಟುಹೋಗೈತಾ ಒಮ್ಮೆ ನೋಡು.

ಇನ್ನೊಂದು. ಹ್ಯಾಂಡ್ಲರ್‌ನಲ್ಲಿ ಜಿಎಚ್‌ಸಿಬಿ ಕೈಯಲ್ಲಿರುವಾಗ ಪ್ರಿಂಟ್‌ಕೆ (ಕರ್ನಲ್‌ನ ಲಾಗ್ ಬರೆಯೋ ಫಂಕ್ಷನ್) ಹಾಕಬೇಡ. ಸೀರಿಯಲ್ ಕನ್ಸೋಲ್ ಇದ್ದರೆ ಆ ಪೋರ್ಟ್‌ಗೆ ಬರೆಯೋದೇ ಇನ್ನೊಂದು ವಿಸಿ ಎಬ್ಬಿಸುತ್ತೆ. ಬ್ಯಾಕಪ್ ಜಿಎಚ್‌ಸಿಬಿ ಇರೋದು ಒಂದೇ, ಅದೂ ಬಳಕೆಯಲ್ಲಿದ್ದರೆ ಕರ್ನಲ್ ಪ್ಯಾನಿಕ್ ಆಗುತ್ತೆ. ಪರ್-ಸಿಪಿಯು ಕೌಂಟರ್ ಇಟ್ಟು, ಆಮೇಲೆ ಹೊರಗಿನಿಂದ ಓದು.

ಇಷ್ಟಕ್ಕೂ ನಿನಗೆ ಬೇಕಾಗಿರೋದು ಲೇಟೆನ್ಸಿ ಅಳತೆ. ಅದಕ್ಕೆ ಕೌಂಟರ್ ಸೊನ್ನೆ ಮಾಡೋ ಅಗತ್ಯವೇ ಇಲ್ಲ. ಮೊದಲು ಒಂದು ಆರ್‌ಡಿಟಿಎಸ್‌ಸಿ, ಕೊನೆಗೆ ಒಂದು, ಎರಡರ ವ್ಯತ್ಯಾಸ. ಇನ್‌ಸ್ಟ್ರಕ್ಷನ್‌ಗಳು ಹಿಂದೆಮುಂದೆ ಆಗದಂಗೆ ಕರ್ನಲ್‌ನ 'ಆರ್ಡರ್ಡ್' ರೂಪವನ್ನೇ ಬಳಸು. ಬೇರೆ ಎಂಎಸ್‌ಆರ್ ಮುಟ್ಟಲೇಬೇಕಾದರೆ 'ಸೇಫ್' ಫಂಕ್ಷನ್ ಕರೆದು ಅದರ ರಿಟರ್ನ್ ಬೆಲೆ ನೋಡು.

ಈ ಬಿಸಿಲಲ್ಲಿ ಲ್ಯಾಪ್‌ಟಾಪ್ ಮೇಲೆ ಪೂರ್ತಿ ಕರ್ನಲ್ ಕಟ್ಟಬೇಡ. ಲೋಕಲ್‌ಮಾಡ್‌ಕಾನ್ಫಿಗ್‌ನಿಂದ (ಆ ಯಂತ್ರದಲ್ಲಿ ಲೋಡ್ ಆಗಿರೋ ಮಾಡ್ಯೂಲ್‌ಗಳನ್ನಷ್ಟೇ ಉಳಿಸೋ ಆಯ್ಕೆ) ಮಾಡ್ಯೂಲ್ ಕಡಿಮೆ ಮಾಡಬಹುದು, ಆದರೆ ಅದನ್ನ ಗೆಸ್ಟ್ ಒಳಗೇ ಓಡಿಸು, ಇಲ್ಲಾಂದ್ರೆ ಗೆಸ್ಟ್‌ಗೆ ಬೇಕಾದ ಡ್ರೈವರ್‌ಗಳೇ ಬಿಟ್ಟುಹೋಗ್ತವೆ.

ಕರ್ನಲ್ ಆವೃತ್ತಿ ಯಾವುದು, ಡಿಎಂಇಎಸ್‌ಜಿಯಲ್ಲಿ (ಕರ್ನಲ್ ಲಾಗ್) ಎಸ್‌ಇವಿ ಸ್ಟೇಟಸ್ ಸಾಲು ಏನು ಹೇಳ್ತೈತೆ, ಯಾವ ಕ್ಲೌಡ್ — ಈ ಮೂರನ್ನ ಇಲ್ಲೇ ಹಾಕು. ಅಜೂರ್ ಆಗಿದ್ದರೆ ನಡುವೆ ಪ್ಯಾರಾವೈಸರ್ (ಗೆಸ್ಟ್ ಒಳಗೇ, ನಿನ್ನ ಕರ್ನಲ್‌ಗಿಂತ ಹೆಚ್ಚು ಅಧಿಕಾರದಲ್ಲಿ ಓಡೋ ಪದರ) ಇರುತ್ತೆ, ವಿಸಿಗಳನ್ನ ಅದೇ ನೋಡ್ಕೊಳ್ಳುತ್ತೆ. ಆಗ ನೀನು ತಿದ್ದಿದ ಹ್ಯಾಂಡ್ಲರ್ ಓಡೋದೇ ಇಲ್ಲ, ಬೇರೆ ಕಡೆಯಿಂದ ಹುಡುಕಬೇಕಾಗುತ್ತೆ.