ಆಪ್ತಸಲಹೆ ಪ್ರಕರಣ: ಕೀಬೋರ್ಡ್‌ನವರ ಲೆಕ್ಕ

(ವ್ಯಕ್ತಿಯ ಅನುಮತಿ ಪಡೆದು ಬರೆದದ್ದು. ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ಹವ್ಯಾಸಿ ವಾದ್ಯಗೋಷ್ಠಿಯಲ್ಲಿ ಯಾರಿಗೂ ಅವರ ಹೆಸರು ಉಳಿಯುವುದಿಲ್ಲ. ತಬಲಾದವರು, ರಿದಮ್‌ನವನು, ಗಿಟಾರಿನವನು ಎಂದೇ ಕರೆಯುತ್ತಾರೆ. ನನಗೂ ಅದರಿಂದ ಅನುಕೂಲವಾಯಿತು. ಇಲ್ಲಿ ಯಾರಿಗೂ ಸುಳ್ಳು ಹೆಸರು ಇಡಬೇಕಾಗಿಲ್ಲ. ನನ್ನ ಬಳಿ ಬಂದವರು ಕೀಬೋರ್ಡ್‌ನವರು. ವಯಸ್ಸು ನಲವತ್ತರ ಹತ್ತಿರ, ಹುಬ್ಬಳ್ಳಿಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ನೌಕರಿ, ಮನೆ ನವನಗರದ ಕಡೆ. ಹೆಂಡತಿ ಶಾಲಾ ಶಿಕ್ಷಕಿ, ಒಬ್ಬ ಮಗ. ಆರು ಜನರ ತಂಡ ಕಟ್ಟಿ ಹತ್ತು ವರ್ಷವಾಗಿದೆ. ಗಣೇಶೋತ್ಸವ, ನವರಾತ್ರಿ, ರಾಜ್ಯೋತ್ಸವ, ಊರ ಜಾತ್ರೆ, ನಡುವೆ ಒಂದೆರಡು ಆರತಕ್ಷತೆ. ಹೊಟ್ಟೆಪಾಡಿಗೆ ಯಾರೂ ಇದನ್ನು ನಂಬಿಕೊಂಡಿಲ್ಲ.

ಬಂದಾಗ ಹೇಳಿದ ತೊಂದರೆ ನಿದ್ದೆಯದು. ಮೂರು ವಾರದಿಂದ ರಾತ್ರಿ ಎರಡರವರೆಗೆ ಕಣ್ಣು ಮುಚ್ಚುವುದಿಲ್ಲ, ಮಗನ ಮೇಲೆ ಸುಮ್ಮನೆ ರೇಗುತ್ತಾರೆ, ಕಚೇರಿಯಲ್ಲಿ ಒಂದೇ ಕಾಲಂ ಎರಡೆರಡು ಸಲ ಕೂಡಿಸುತ್ತಾರೆ. ಊಟ ಸರಿಯಾಗಿತ್ತು. ಹಾಡು ಕೇಳುವ ಆಸೆ ಹೋಗಿರಲಿಲ್ಲ. ಬದುಕೇ ಬೇಡ ಎನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಈ ಪ್ರಶ್ನೆಯನ್ನು ನಾನು ಸುತ್ತಿ ಬಳಸಿ ಕೇಳುವುದಿಲ್ಲ. ಹಾಗೇನೂ ಇಲ್ಲ ಎಂದರು. ಇದ್ದಿದ್ದರೆ ಅಂದೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಲು ಹೇಳುತ್ತಿದ್ದೆ. ರಾತ್ರಿ ಹೊತ್ತು ಯಾರಿಗಾದರೂ ಅಂಥ ಯೋಚನೆ ಬಂದರೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಇವರದು ಆ ಮಟ್ಟದ್ದಾಗಿರಲಿಲ್ಲ. ಒಳಗೊಂದು ಅವಮಾನ ಕುಳಿತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಆದದ್ದು ಇಷ್ಟು. ಮಾರ್ಚ್ ಕೊನೆಯಲ್ಲಿ ಸಂಘದ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಒಂದು ರಾತ್ರಿ ವಾಟ್ಸ್‌ಆಪ್ ಸ್ಟೇಟಸ್ ನೋಡುತ್ತಿದ್ದಾಗ ಗದಗಿನ ಒಂದು ಮದುವೆಯ ಆರತಕ್ಷತೆ ಕಣ್ಣಿಗೆ ಬಿತ್ತು. ತಮ್ಮದೇ ಗಾಯಕ, ತಮ್ಮದೇ ತಬಲಾದವರು, ರಿದಮ್‌ನ ಹುಡುಗ. ಹಿಂದೆ ತಮ್ಮದೇ ತಂಡದ ಬ್ಯಾನರು. ಕೀಬೋರ್ಡ್ ಸ್ಟ್ಯಾಂಡ್ ಇರಬೇಕಾದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಮಿಕ್ಸರ್‌ಗೆ ವೈರು ಜೋಡಿಸಿದ ಮೊಬೈಲ್. ಹಿನ್ನೆಲೆ ಸಂಗೀತವೆಲ್ಲ ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕಿನಿಂದ ಬರುತ್ತಿತ್ತು.

“ಮೇಡಂ, ನನ್ನ ಬದಲಿಗೆ ಇನ್ನೊಬ್ಬರನ್ನು ಕರೆದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ಜಾಗದಲ್ಲಿ ಒಂದು ಮೊಬೈಲ್ ಇಟ್ಟಿದ್ದರು” ಎಂದರು.

ನೋವು ನಿಜವಾದದ್ದು. ಅದನ್ನು ಸಣ್ಣ ವಿಷಯ ಎಂದು ತಳ್ಳಿಹಾಕುವ ಗೆಳೆಯರೇ ಸುತ್ತ ಇದ್ದರೆ ನಿದ್ದೆ ಬರದಿರುವುದು ಸಹಜ. ನುಡಿಸುವುದನ್ನೇ ಬಿಟ್ಟುಬಿಡುತ್ತೇನೆ, ತಂಡವನ್ನೇ ಒಡೆಯುತ್ತೇನೆ ಎಂಬ ಮಾತಿನ ಜೊತೆಗೆ ಇನ್ನೊಂದು ಮಾತು ಮತ್ತೆ ಮತ್ತೆ ಬಂತು: “ಇವರಿಗಾಗಿ ನಾನು ಎಷ್ಟು ಮಾಡಿದ್ದೇನೆ!” ನನ್ನ ಕಿವಿ ನಿಂತದ್ದು ಅಲ್ಲಿ.

ಎಷ್ಟು ಮಾಡಿದ್ದೀರಿ ಎಂದು ಬರೆದುಕೊಂಡು ಬನ್ನಿ ಎಂದೆ. ಲೆಕ್ಕದವರು, ಅಂದವಾಗಿ ಗೆರೆ ಎಳೆದು ಮೂರು ಕಾಲಂ ಮಾಡಿಕೊಂಡು ಬಂದರು. ಮೊದಲನೆಯದರಲ್ಲಿ ಮಾಡಿದ್ದು, ಎರಡನೆಯದರಲ್ಲಿ ಖರ್ಚು, ಮೂರನೆಯದರಲ್ಲಿ, ನಾನು ಕೇಳಿಕೊಂಡಂತೆ, ಅದನ್ನು ಮಾಡಲು ಕೇಳಿದವರು ಯಾರು ಎಂಬುದು. ಕೀಬೋರ್ಡ್ 62,000, ಕೇಳಿದವರ ಜಾಗದಲ್ಲಿ ಅಡ್ಡಗೆರೆ. ಮಿಕ್ಸರ್ 28,000, “ಒಂದು ಇದ್ದರೆ ಚೆನ್ನಾಗಿತ್ತು ಎಂದು ಗಾಯಕ ಹೇಳಿದ್ದ” ಎಂದು ಬರೆದು, ಮತ್ತೆ ತಾವೇ ಹೊಡೆದುಹಾಕಿದ್ದರು. ತಾಲೀಮಿಗೆ ಮನೆಯ ಮೇಲಿನ ಕೋಣೆ, ಅಡ್ಡಗೆರೆ. ಪ್ರತಿ ಹಾಡಿನ ಸ್ವರ ಬರೆದು ಎಲ್ಲರಿಗೂ ಕಳಿಸುವುದು, ಅಡ್ಡಗೆರೆ. ಚಹಾ, ಮಂಡಕ್ಕಿ, ಮಿರ್ಚಿ, ಅಡ್ಡಗೆರೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ತಬಲಾದವರ ಮಗಳ ಕಾಲೇಜು ಶುಲ್ಕಕ್ಕೆ 12,000. ಅದರ ಮುಂದೆ ಮಾತ್ರ ಹೆಸರಿತ್ತು, ತಬಲಾದವರೇ ಕೇಳಿದ್ದರು.

ಅದು ವಾಪಸ್ ಬಂತೇ ಎಂದೆ. “ಅಯ್ಯೋ, ಅದನ್ನು ಕೇಳುವುದು ಹೇಗೆ ಮೇಡಂ? ಅವರ ಸ್ಥಿತಿ ನನಗೆ ಗೊತ್ತಿದೆ. ಅದು ಬಿಟ್ಟದ್ದೇ” ಎಂದರು.

ಇಡೀ ಪುಟದಲ್ಲಿ ನಿಜವಾದ ಸಾಲ ಅದೊಂದೇ. ಅದನ್ನು ಇವರು ಸಂತೋಷದಿಂದ ಮನ್ನಾ ಮಾಡಿದ್ದಾರೆ. ಯಾರೂ ಕೇಳದೆ ತಾವಾಗಿಯೇ ಕೊಟ್ಟದ್ದಕ್ಕೆಲ್ಲ ಹತ್ತು ವರ್ಷದಿಂದ ಮನಸ್ಸಿನಲ್ಲಿ ಬಡ್ಡಿ ಹಾಕುತ್ತಿದ್ದಾರೆ. ಉಳಿದ ಐವರಿಗೆ ತಾವು ಸಾಲಗಾರರು ಎಂಬ ಸುದ್ದಿಯೇ ತಿಳಿದಿಲ್ಲ. ಅವರ ಕಣ್ಣಿಗೆ ಇವರು ಶೋಕಿಗಾಗಿ ಒಳ್ಳೆಯ ಕೀಬೋರ್ಡ್ ಕೊಂಡವರು, ಮನೆಗೆ ಬಂದವರಿಗೆ ಚಹಾ ಕೊಡುವ ಉದಾರಿ. ಇದನ್ನು ಹೀಗೆಯೇ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡಿ, “ಹಾಗಾದರೆ ಅವರ ತಪ್ಪೇ ಇಲ್ಲವೇ?” ಎಂದು ಸಿಟ್ಟಿನಿಂದ ಕೇಳಿದರು. ಇದೆ. ತಂಡದ ಬ್ಯಾನರು ಕಟ್ಟಿ ನಿಮಗೆ ಹೇಳದೆ ಹೋದದ್ದು ತಪ್ಪು. ಆ ಒಂದು ತಪ್ಪಿನ ಬಗ್ಗೆ ಮಾತ್ರ ಮಾತಾಡಿ, ಹಳೆಯ ಕಡತ ತೆಗೆಯಬೇಡಿ ಎಂದೆ.

ಮುಂದಿನ ಭೇಟಿಗೆ ಹೆಂಡತಿಯೂ ಬಂದರು. ಇಂಥ ಪ್ರಕರಣದಲ್ಲಿ ಹೆಂಡತಿ ಎಂದರೆ ಸಂಗೀತದ ಶತ್ರು ಎಂದು ಮೊದಲೇ ತೀರ್ಮಾನಿಸುವವರು ಬಹಳ. ಈಕೆ ಹೇಳಿದ್ದು ಒಂದೇ ಮಾತು: “ನುಡಿಸಬೇಡಿ ಎಂದು ನಾನು ಒಂದು ದಿನವೂ ಹೇಳಿಲ್ಲ. ಹತ್ತಕ್ಕೆ ಬರುತ್ತೇನೆ ಎಂದು ಒಂದೂವರೆಗೆ ಬರಬೇಡಿ ಎಂದಿದ್ದೇನೆ.” ಕೀಬೋರ್ಡ್‌ನವರು ತಕ್ಷಣ ಕಾನೂನು ತೆಗೆದರು, ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು, ಹಾಗಾಗಿ ಹತ್ತು ಎಂದದ್ದು ಸುಳ್ಳಲ್ಲ ಎಂದು. ನಿಜ, 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ಸರ್ಕಾರ ಹನ್ನೆರಡರವರೆಗೆ ಸಡಿಲಿಸಬಹುದು. ಆದರೆ ಹಾಡು ನಿಂತ ಮೇಲೆ ವೈರು ಸುತ್ತಬೇಕು, ಸಾಮಾನು ಟೆಂಪೋಗೆ ಏರಿಸಬೇಕು, ಮಂಡಳಿಯ ಖಜಾಂಚಿ ಎಲ್ಲಿ ಮಾಯವಾದ ಎಂದು ಹುಡುಕಬೇಕು, ಉಳಿದ ಹಣಕ್ಕೆ “ನಾಳೆ ಬನ್ನಿ” ಎನ್ನಿಸಿಕೊಳ್ಳಬೇಕು. ಮನೆಯವರಿಗೆ ಬೇಕಾದದ್ದು ಹಾಡು ನಿಲ್ಲುವ ಹೊತ್ತಲ್ಲ, ಬಾಗಿಲು ತಟ್ಟುವ ಹೊತ್ತು. ಒಂದೂವರೆ ಎಂದರೆ ಒಂದೂವರೆ ಎಂದೇ ಹೇಳಿ, ಅವರು ಮಲಗಿ ನಿದ್ದೆ ಮಾಡುತ್ತಾರೆ ಎಂದು ಸಲಹೆ ಕೊಟ್ಟೆ. ಆಕೆ ನಕ್ಕರು.

ಆಕೆಯೇ ಇನ್ನೊಂದು ವಿಷಯ ತೆಗೆದರು. ಇವರಿಗೆ ಟಿವಿ ಕೇಳುವುದಿಲ್ಲ, ಧ್ವನಿ ಹೆಚ್ಚಿಸುತ್ತಲೇ ಇರುತ್ತಾರೆ. ಕೆದಕಿದಾಗ ಗೊತ್ತಾಯಿತು, ರಾತ್ರಿ ನಿಶ್ಶಬ್ದವಾದ ಕೂಡಲೇ ಕಿವಿಯೊಳಗೆ ಸಣ್ಣ ಸೀಟಿಯಂಥ ಸದ್ದು. ಅದನ್ನು ಇವರು ಚಿಂತೆಯ ಲೆಕ್ಕಕ್ಕೆ ಹಾಕಿದ್ದರು. ತಾಲೀಮಿನ ಕೋಣೆ ಹತ್ತಕ್ಕೆ ಹನ್ನೆರಡು ಅಡಿ. ಪಕ್ಕದ ಮನೆಯವರಿಗೆ ತೊಂದರೆಯಾಗದಿರಲೆಂದು ಕಿಟಕಿಗೆ ಹಾಸಿಗೆ ಒತ್ತಿ ಮುಚ್ಚುತ್ತಾರೆ, ರಿದಮ್ ಪ್ಯಾಡಿನ ಸ್ಪೀಕರ್ ಇವರ ಬಲಗಿವಿಯ ಪಕ್ಕದಲ್ಲಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಎನ್ನುವುದು ಸಾಮಾನ್ಯ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಹಾಗೆ ಇಳಿಸುತ್ತ ಹೋದರೆ 100 ಡೆಸಿಬೆಲ್‌ಗೆ ಉಳಿಯುವುದು ಹದಿನೈದು ನಿಮಿಷ. ಮುಚ್ಚಿದ ಕೋಣೆಯಲ್ಲಿ ವಾದ್ಯಗೋಷ್ಠಿ ಆ ಮಟ್ಟ ಮುಟ್ಟುವುದು ಕಷ್ಟವೇನಲ್ಲ, ಇವರದು ಎರಡೂವರೆ ಗಂಟೆಯ ತಾಲೀಮು. ಕಿವಿ, ಮೂಗು, ಗಂಟಲು ವೈದ್ಯರ ಬಳಿ ಕಳಿಸಿದೆ. ಶ್ರವಣ ಪರೀಕ್ಷೆಯಲ್ಲಿ ಬಲಗಿವಿಯ ಗೆರೆ 4,000 ಹರ್ಟ್ಸ್ ಹತ್ತಿರ ಸ್ವಲ್ಪ ತಗ್ಗಿತ್ತು. ಸದ್ದಿನಿಂದ ಆಗುವ ಹಾನಿ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಇರುವುದನ್ನು ಕಾಯ್ದುಕೊಳ್ಳಿ ಎಂದು ವೈದ್ಯರು ಹೇಳಿ ಕಳಿಸಿದರು. ಸ್ಪೀಕರ್ ದೂರ ಸರಿಸಿದರು, ಸಂಗೀತಗಾರರಿಗೆಂದೇ ಬರುವ ಕಿವಿಬಿರಡೆ ತರಿಸಿದರು. ಸಾದಾ ಸ್ಪಂಜಿನ ಬಿರಡೆ ತಾರದ, ಅಂದರೆ ಎತ್ತರದ, ಸ್ವರಗಳನ್ನೇ ಹೆಚ್ಚು ನುಂಗುತ್ತದೆ, ಇದು ಎಲ್ಲವನ್ನೂ ಬಹುಮಟ್ಟಿಗೆ ಸಮನಾಗಿ ತಗ್ಗಿಸುತ್ತದೆ.

ಮಾವನವರ ವಿಷಯವನ್ನೂ ಹೇಳಬೇಕು. ಧಾರವಾಡದವರು, 1950ರಲ್ಲಿ ಶುರುವಾದ ಅಲ್ಲಿನ ಆಕಾಶವಾಣಿಯ ಹಿಂದೂಸ್ತಾನಿ ಕಛೇರಿಗಳನ್ನು ಕೇಳಿಕೊಂಡೇ ಬೆಳೆದವರು. ಅಳಿಯನ ಕೀಬೋರ್ಡ್ ನೋಡಿದಾಗಲೆಲ್ಲ “ಇದೂ ಒಂದು ವಾದ್ಯವೇ?” ಎನ್ನುತ್ತಾರಂತೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರ ಊರುಗಳಲ್ಲಿ ಗಣಪತಿಯ ಪೆಂಡಾಲಿನಲ್ಲಿ ಸಿನಿಮಾ ಹಾಡು ನುಡಿಸುವವರಿಗೆ ಒಂದು ಅಳುಕು ಇದ್ದೇ ಇರುತ್ತದೆ. ಅದೇ ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಂಗೇ ಬಾಗಿಲು ಮುಚ್ಚಿತ್ತು ಎಂದು ನೆನಪಿಸಿ ಎಂದೆ. ಇದನ್ನು ಸಲಹೆ ಎನ್ನುವುದಕ್ಕಿಂತ ಕಿಡಿಗೇಡಿತನ ಎನ್ನಬಹುದು.

ಇನ್ನು ಗೆಳೆಯರ ಜೊತೆಗಿನ ಮಾತು. ವಾಟ್ಸ್‌ಆಪ್ ಗುಂಪಿನಲ್ಲಿ ಬೇಡ, ತಾಲೀಮಿನ ನಡುವೆ ಬೇಡ, ಕಾರ್ಯಕ್ರಮ ಮುಗಿದ ರಾತ್ರಿಯಂತೂ ಬೇಡವೇ ಬೇಡ; ವಾದ್ಯಗಳಿಲ್ಲದ ಜಾಗದಲ್ಲಿ, ಹಗಲು ಹೊತ್ತು, ಮೊದಲು ಗಾಯಕನೊಬ್ಬನ ಜೊತೆ ಎಂದೆ. ಏನು ಹೇಳುತ್ತೀರಿ ಎಂದು ಬರೆಸಿದೆ. ಮೊದಲ ಕರಡು ಒಂದೂವರೆ ಪುಟ, “ಇಷ್ಟೆಲ್ಲ ಮಾಡಿದರೂ” ಎಂಬ ಮಾತಿನಿಂದ ಶುರು. ಆ ಮಾತು ಕೇಳಿದ ಕೂಡಲೇ ಎದುರಿಗಿದ್ದವನು ತನ್ನ ಪಟ್ಟಿ ತೆಗೆಯುತ್ತಾನೆ, ಎಂದು ಅದನ್ನು ಹೊಡೆಸಿದೆ. “ನಿಮಗೆ ನಾಚಿಕೆಯಾಗಬೇಕು” ಹೋಯಿತು. “ಎಲ್ಲರೂ ಸೇರಿ” ಎಂಬುದೂ ಹೋಯಿತು, ಎಲ್ಲರೂ ಸೇರಿದ್ದಕ್ಕೆ ಆಧಾರವಿರಲಿಲ್ಲ. ಕೊನೆಗೆ ಉಳಿದದ್ದು: “ತಂಡದ ಹೆಸರಿನಲ್ಲಿ ಗದಗಿಗೆ ಹೋಗುವಾಗ ನನಗೆ ಹೇಳಲಿಲ್ಲ, ನೋವಾಯಿತು. ಇನ್ನು ಮುಂದೆ ಒಪ್ಪಿಕೊಳ್ಳುವ ಮೊದಲು ಎಲ್ಲರಿಗೂ ತಿಳಿಸೋಣ.” ಹೇಳಿ ಸುಮ್ಮನಿರಿ, ಅವನ ಉತ್ತರ ಪೂರ್ತಿ ಕೇಳಿ ಎಂದೆ. ಸುಮ್ಮನಿರುವುದೇ ಅವರಿಗೆ ಕಷ್ಟದ ಭಾಗವಾಗಿತ್ತು.

ಉಣಕಲ್ ಕೆರೆಯ ದಂಡೆಯಲ್ಲಿ ಮಾತಾಯಿತು. ಗಾಯಕ ಕ್ಷಮೆ ಕೇಳಿದ; ಮದುವೆ ಅವನ ಹತ್ತಿರದ ನೆಂಟರದು, ಮಾರ್ಚ್‌ನಲ್ಲಿ ಕೀಬೋರ್ಡ್‌ನವರಿಗೆ ರಜೆ ಸಿಗುವುದಿಲ್ಲ, ಕೇಳಿದರೆ ಕಾರ್ಯಕ್ರಮವೇ ಬೇಡ ಎನ್ನುತ್ತಾರೆಂದು ಅಂಜಿ ಮುಚ್ಚಿಟ್ಟ. ಅಲ್ಲಿಗೆ ಮುಗಿಯಬಹುದಾಗಿದ್ದ ಮಾತು ಮುಂದುವರಿಯಿತು. ಗಾಯಕ ಹೇಳಿದ: ಎರಡು ವರ್ಷದಿಂದ ನನ್ನ ಗಂಟಲು ತಾರದಲ್ಲಿ ಬಿಗಿಯುತ್ತದೆ, ಶ್ರುತಿಯನ್ನು ಒಂದು ಮನೆ, ಅಂದರೆ ಅರ್ಧ ಸ್ವರ, ಇಳಿಸಿ ನುಡಿಸಿ ಎಂದು ಹಲವು ಸಲ ಕೇಳಿದ್ದೇನೆ, ಮೂಲ ಶ್ರುತಿ ಬಿಟ್ಟರೆ ಹಾಡಿನ ಸೊಗಸು ಹೋಗುತ್ತದೆ ಎಂದು ನೀವು ಒಪ್ಪಲಿಲ್ಲ. ಗದಗಿನಲ್ಲಿ ಟ್ರ್ಯಾಕನ್ನು ಮೊಬೈಲಿನಲ್ಲೇ ಇಳಿಸಿಕೊಂಡೆ, ಬಹಳ ದಿನದ ಮೇಲೆ ಆರಾಮವಾಗಿ ಹಾಡಿದೆ.

ಇದನ್ನು ನನಗೆ ಹೇಳುವಾಗ ಕೀಬೋರ್ಡ್‌ನವರು ಮೇಜಿನ ಮೇಲೆ ಬೆರಳು ಒತ್ತಿ ತೋರಿಸಿದರು. ಅವರ ಕೀಬೋರ್ಡಿನಲ್ಲಿ ಶ್ರುತಿ ಇಳಿಸಲು ಒಂದು ಗುಂಡಿ ಇದೆ, ಒಂದು ಸಲ ಒತ್ತಿದರೆ ಅರ್ಧ ಸ್ವರ ಇಳಿಯುತ್ತದೆ. ನುಡಿಸುವ ಬೆರಳಿಗೆ ಏನೂ ಬದಲಾಗುವುದಿಲ್ಲ. “ಅವನು ನನ್ನನ್ನು ಕೇಳಿದ್ದು ಇದೊಂದನ್ನೇ ಮೇಡಂ. ಅದನ್ನು ಬಿಟ್ಟು ಉಳಿದೆಲ್ಲ ಕೊಟ್ಟಿದ್ದೇನೆ.” ನಾನು ಏನೂ ಸೇರಿಸಲಿಲ್ಲ. ಆ ಮೂರು ಕಾಲಂ ಪುಟವನ್ನು ಮತ್ತೆ ತೆರೆಯುವ ಅಗತ್ಯ ಬೀಳಲಿಲ್ಲ.

ಹಣದ ವಿಷಯದಲ್ಲಿ ಒಂದು ಗಟ್ಟಿ ಸಲಹೆ ಕೊಟ್ಟೆ, ಏಕೆಂದರೆ ಮನಸ್ಸು ದೊಡ್ಡದು ಮಾಡಿಕೊಳ್ಳಿ ಎಂದು ಹೇಳಿ ಕಳಿಸಿದರೆ ಆರು ತಿಂಗಳಿಗೆ ಅದೇ ಬಡ್ಡಿ ಮತ್ತೆ ಬೆಳೆಯುತ್ತದೆ. ಒಂದು ಮಂಡಳಿ 25,000 ಕೊಟ್ಟರೆ ಸೌಂಡ್‌ನವರಿಗೆ 8,000, ಟೆಂಪೋಗೆ 3,500, ಊಟಕ್ಕೆ 1,500. ಉಳಿದ 12,000ವನ್ನು ಈವರೆಗೆ ಆರು ಪಾಲು ಮಾಡುತ್ತಿದ್ದರು. ಇನ್ನು ಏಳು ಪಾಲು ಮಾಡಿ, ಏಳನೆಯದು ಸಾಮಾನಿನ ದುರಸ್ತಿಗೆ, ಅದು ತಂಡದ ಖಾತೆಯಲ್ಲಿರಲಿ ಎಂದೆ. ಮುಂದೆ ಕೊಳ್ಳುವ ವಸ್ತು ತಂಡದ್ದು. ಈಗಾಗಲೇ ಕೊಂಡದ್ದು ನಿಮ್ಮದು, ಬಿಟ್ಟು ಹೋಗುವ ದಿನ ಬಂದರೆ ತೆಗೆದುಕೊಂಡು ಹೋಗಿ, ಆದರೆ ಅದರ ಹೆಸರಿನಲ್ಲಿ ಕೃತಜ್ಞತೆ ವಸೂಲಿ ಮಾಡಬೇಡಿ. ತಾಲೀಮನ್ನು ಒಂದೂವರೆ ಗಂಟೆಗೆ ಇಳಿಸಿ, ಚಹಾ ಸರದಿಯಂತೆ ತರಲಿ. ಹಾಡಿನ ಆಯ್ಕೆ ಎಲ್ಲರದು, ಶ್ರುತಿ ಮಾತ್ರ ಹಾಡುವವನದು.

ನಿದ್ದೆ ಸುಧಾರಿಸಿದೆ. ಕಿವಿಯ ಸೀಟಿ ಪೂರ್ತಿ ಹೋಗಿಲ್ಲ, ಫ್ಯಾನಿನ ಸದ್ದಿನಲ್ಲಿ ಮಲಗಿದರೆ ಅಷ್ಟು ಕಾಡುವುದಿಲ್ಲ ಎನ್ನುತ್ತಾರೆ. ತಬಲಾದವರು ಏಳನೆಯ ಪಾಲಿಗೆ ಮೊದಲು ಒಪ್ಪಿದರು. ಗಿಟಾರಿನವನು ಒಪ್ಪಲಿಲ್ಲ, ತನ್ನ ಗಿಟಾರ್ ತಾನೇ ಕೊಂಡದ್ದು, ತಂತಿಯ ಖರ್ಚನ್ನೂ ಯಾರೂ ಕೊಟ್ಟಿಲ್ಲ ಎಂದು ವಾದಿಸಿದ. ವಾದದಲ್ಲಿ ಹುರುಳಿದೆ, ತಂತಿಯ ಖರ್ಚನ್ನೂ ಅದೇ ಪಾಲಿನಿಂದ ಕೊಡಬಹುದಲ್ಲ ಎಂದು ನಾನು ಸೂಚಿಸುವ ಹೊತ್ತಿಗೆ ಅವನು ಗುಂಪು ಬಿಟ್ಟಿದ್ದ. ಗಣೇಶೋತ್ಸವಕ್ಕೆ ಎರಡು ಮಂಡಳಿಯವರು ಮುಂಗಡ ಕೊಟ್ಟಿದ್ದಾರೆ. ಬದಲಿ ಗಿಟಾರಿನವನನ್ನು ಹುಡುಕುವ ಕೆಲಸ ಈ ಸಲ ಗಾಯಕನಿಗೆ ಬಿದ್ದಿದೆ, ಕೀಬೋರ್ಡ್‌ನವರು ತಮಗೆ ಗೊತ್ತಿರುವ ಇಬ್ಬರ ಮೊಬೈಲ್ ಸಂಖ್ಯೆ ಕೊಟ್ಟು ಸುಮ್ಮನಾಗಿದ್ದಾರೆ.